ಗೋಳವೂ ಪಟವೂ

ಭೂಮಿಯು ಗೋಳಾಕಾರವಾದುದೆಂಬುದು ಇಂದು ಎಳೆಯ ಬಾಲಕರಿಗೂ ತಿಳಿದ ವಿಷಯ. ಹೀಗಿದ್ದರೂ ಆ ಗೋಳವನ್ನು ಗೋಳವಾಗಿಯೇ ಕಂಡು ಅಭ್ಯಾಸಮಾಡುವವರು ನಮ್ಮಲ್ಲಿ ಬಹು ವಿರಳ. ಪಾಠಶಾಲೆಯ ಗೋಡೆಯಲ್ಲಿ, ಪಠ್ಯಪುಸ್ತಕದ ಹಾಳೆಯಲ್ಲಿ, ವೃತ್ತಪತ್ರಿಕೆಯ ಅಂಕಣದಲ್ಲಿ, ಈಚೆಗೆ ಎಲ್ಲರ ಅಂಗೈಯಲ್ಲಿರುವ ಮೊಬೈಲಿನ ಗಾಜಿನ ಮೇಲೆ, ಎಲ್ಲೆಲ್ಲಿಯೂ ನಮ್ಮ ಕಣ್ಣಿಗೆ ಬೀಳುವುದು ಚಪ್ಪಟೆಯಾದ ಪಟವೇ ಹೊರತು ಗೋಳವಲ್ಲ. ಬಾಲ್ಯದಲ್ಲಿ ಕಂಡ ಆ ಪಟದ ಆಕೃತಿಯೇ ನಮ್ಮ ಮನಸ್ಸಿನಲ್ಲಿ ಭೂಮಂಡಲದ ಆಕೃತಿಯಾಗಿ ನೆಲೆಗೊಳ್ಳುತ್ತದೆ. ಯಾವ ದೇಶ ದೊಡ್ಡದು, ಯಾವುದು ಚಿಕ್ಕದು ಎಂಬ ನಮ್ಮ ಎಣಿಕೆಯು ಪುಸ್ತಕದಲ್ಲಿ ಓದಿದ ಅಂಕೆಗಳಿಂದ ಹುಟ್ಟಿದುದಲ್ಲ. ಗೋಡೆಯ ಪಟದಿಂದ ಹುಟ್ಟಿದುದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಹುಕಾಲ ಶಾಲೆಗಳಲ್ಲಿ ತೂಗಿದ್ದ ಜಗತ್ತಿನ ಪಟದಲ್ಲಿ ಉತ್ತರದ ಗ್ರೀನ್‌ಲೆಂಡ್ ದ್ವೀಪವು ಆಫ್ರಿಕಾ ಖಂಡಕ್ಕೆ ಹೆಚ್ಚು ಕಡಿಮೆ ಸಮನಾಗಿ ಕಾಣುವುದು. ನಮ್ಮ ಭಾರತವು ಅದರ ಮುಂದೆ ಒಂದು ಸಣ್ಣ ತುಂಡಿನಂತೆ ತೋರುವುದು. ಅಳತೆಯನ್ನು ನೋಡಿದರೋ, ಗ್ರೀನ್‌ಲೆಂಡಿನ ವಿಸ್ತೀರ್ಣ ಸುಮಾರು ೨೧.೬೬ ಲಕ್ಷ ಚದರ ಕಿಲೋಮೀಟರು, ಭಾರತದ್ದು ೩೨.೮೭ ಲಕ್ಷ, ಆಫ್ರಿಕಾದ್ದು ಸುಮಾರು ೩೦೩ ಲಕ್ಷ. ಎಂದರೆ ಭಾರತವು ಗ್ರೀನ್‌ಲೆಂಡಿನ ಒಂದೂವರೆಯಷ್ಟು, ಆಫ್ರಿಕಾ ಅದರ ಹದಿನಾಲ್ಕರಷ್ಟು. ಕಣ್ಣು ಹೇಳುವುದೊಂದು, ಅಂಕೆ ಹೇಳುವುದು ಮತ್ತೊಂದು. ಇದು ಪಟ ಬರೆದವರ ಅಜ್ಞಾನವೆ, ವಂಚನೆಯೆ, ಅಥವಾ ಯಾರೂ ತಪ್ಪಿಸಲಾಗದ ನಿಯಮವೊಂದರ ಫಲವೆ ಎಂಬುದನ್ನು ಚರಿತ್ರೆಯ ನೆರವಿನಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೧

ಮೊದಲು ನಿಯಮದ ಮಾತು. ಬಾಳೆಯ ಎಲೆಯೊಂದನ್ನು ಕಂಬಕ್ಕೆ ಸುತ್ತಬಹುದು. ಎಲೆಯು ಹರಿಯುವುದಿಲ್ಲ, ಸುಕ್ಕುಗಟ್ಟುವುದಿಲ್ಲ. ಬಿಚ್ಚಿ ಹಾಸಿದರೆ ಮೊದಲಿನಂತೆಯೇ ಆಗುವುದು. ಅದೇ ಎಲೆಯನ್ನು ತೆಂಗಿನಕಾಯಿಗೆ ಸುತ್ತಲು ಹೋದರೆ ಒಂದು ಕಡೆ ಮಡಿಕೆ ಬೀಳುವುದು, ಇನ್ನೊಂದು ಕಡೆ ಸೀಳು ಬಿಡುವುದು. ಇದನ್ನೇ ತಿರುಗಿಸಿ ನೋಡುವುದಾದರೆ, ಚಕ್ಕೋತದ ಸಿಪ್ಪೆಯನ್ನು ಎಷ್ಟು ಜಾಣತನದಿಂದ ಬಿಡಿಸಿ ಮಣೆಯ ಮೇಲೆ ಒತ್ತಿದರೂ ಅಂಚುಗಳು ಬಿರಿಯದೆ ಅದು ಸಮವಾಗಿ ಕೂರದು. ಕಂಬದ ಮೈಯೂ ಬಾಗಿದುದೇ, ಕಾಯಿಯ ಮೈಯೂ ಬಾಗಿದುದೇ; ಆದರೆ ಎರಡು ಬಾಗುಗಳ ಜಾತಿ ಬೇರೆ. ಕಂಬದ್ದು ಒಂದೇ ದಿಕ್ಕಿನ ಬಾಗು, ಗೋಳದ್ದು ಎಲ್ಲ ದಿಕ್ಕಿನ ಬಾಗು.

ಅಡಿಗೆಮನೆಯಲ್ಲಿಯೇ ಕಾಣಬಹುದಾದ ಈ ಸಂಗತಿಯನ್ನು ಗಣಿತದ ಉಪಪತ್ತಿಯಿಂದ ಸಾಧಿಸಿದವರು ಯುರೋಪಿನ ಮಹಾಗಣಿತಜ್ಞರಿಬ್ಬರು. ಗೋಳದ ಯಾವ ಭಾಗವನ್ನೂ ವಿಕಾರವಿಲ್ಲದೆ ಸಮತಲಕ್ಕೆ ಇಳಿಸಲಾಗದೆಂದು ೧೭೭೦ರ ದಶಕದಲ್ಲಿ ಆಯ್ಲರ್ ತೋರಿಸಿದನು. ಮೇಲ್ಮೈಯೊಂದರ ಬಾಗು ಅದರ ಒಡಲಿಗೇ ಸೇರಿದ ಗುಣ, ಅದನ್ನು ಹಿಗ್ಗಿಸದೆ ಹರಿಯದೆ ಎಷ್ಟು ಮಡಿಸಿದರೂ ಆ ಗುಣ ಹೋಗದು ಎಂಬ ಸಾಮಾನ್ಯ ಸಿದ್ಧಾಂತವನ್ನು ೧೮೨೭ರಲ್ಲಿ ಗೌಸ್ ಪ್ರತಿಪಾದಿಸಿದನು. ಗೌಸನು ಬರಿಯ ಏಕಾಂತದ ಪಂಡಿತನಲ್ಲ. ಹ್ಯಾನೋವರ್ ಸಂಸ್ಥಾನದ ಭೂಮಾಪನದಲ್ಲಿ ವರ್ಷಗಟ್ಟಲೆ ದುಡಿದವನು. ನೆಲವನ್ನು ಅಳೆದವನಿಗೇ ಈ ತತ್ತ್ವವು ಹೊಳೆದುದು ಉಚಿತವಾಗಿದೆ.

ಹಾಗಾದರೆ ನಮ್ಮ ಊರು, ನಮ್ಮ ಹೊಲ ಚಪ್ಪಟೆಯಾಗಿಯೇ ಕಾಣುವುದೇಕೆ? ಇದಕ್ಕೆ ಭಾಸ್ಕರಾಚಾರ್ಯರು ತಮ್ಮ ಗೋಳಾಧ್ಯಾಯದಲ್ಲಿ ಉತ್ತರಕೊಟ್ಟಿದ್ದಾರೆ. ಪರಿಧಿಯ ನೂರನೆಯ ಒಂದು ಪಾಲು ನೋಡುವವನಿಗೆ ಸಮವಾಗಿಯೇ ತೋರುವುದು. ಭೂಮಿಯು ಬಹು ದೊಡ್ಡದು, ಮನುಷ್ಯನು ಬಹು ಚಿಕ್ಕವನು. ಆದಕಾರಣ ಅವನಿಗೆ ಕಾಣುವ ಭಾಗವೆಲ್ಲ ಚಪ್ಪಟೆಯಾಗಿ ತೋರುವುದೆಂಬುದು ಅವರ ಅಭಿಪ್ರಾಯ. ಇದರಿಂದ ಒಂದು ಉಪಯುಕ್ತವಾದ ಅಂಶ ಹೊರಡುವುದು. ಒಂದು ತಾಲ್ಲೂಕಿನ ಪಟದಲ್ಲಿ ವಿಕಾರವು ಗಣನೆಗೆ ಬಾರದಷ್ಟು ಅಲ್ಪ. ಒಂದು ದೇಶದ ಪಟದಲ್ಲಿ ಅದು ಗಮನಿಸತಕ್ಕಷ್ಟು. ಇಡೀ ಜಗತ್ತಿನ ಪಟದಲ್ಲಿಯಾದರೋ ಅದೇ ಪ್ರಧಾನ. ಪಟವು ಎಷ್ಟು ಹೆಚ್ಚು ನೆಲವನ್ನು ಒಳಗೊಳ್ಳುವುದೋ ಅಷ್ಟು ಹೆಚ್ಚಾಗಿ ಅದು ಯಾವುದಾದರೊಂದು ಗುಣವನ್ನು ಬಿಟ್ಟುಕೊಡಬೇಕಾಗುವುದು.

ಪಟದಲ್ಲಿ ನಾವು ಬಯಸುವ ಗುಣಗಳು ಮುಖ್ಯವಾಗಿ ಮೂರು: ಸಣ್ಣ ಸಣ್ಣ ಭಾಗಗಳ ಆಕಾರ ಮತ್ತು ಕೋಣಗಳು ಸರಿಯಾಗಿರುವುದು, ವಿಸ್ತೀರ್ಣವು ಸರಿಯಾಗಿರುವುದು, ದೂರವು ಸರಿಯಾಗಿರುವುದು. ಮೊದಲನೆಯ ಎರಡನ್ನು ಒಂದೇ ಪಟದಲ್ಲಿ ಪೂರ್ಣವಾಗಿ ಕೂಡಿಸುವುದು ಅಸಾಧ್ಯ. ಮೂರನೆಯದನ್ನು ಕೆಲವು ರೇಖೆಗಳ ಮೇಲೆ ಮಾತ್ರ ಉಳಿಸಿಕೊಳ್ಳಬಹುದು. ಗೋಳವನ್ನು ಪಟಕ್ಕೆ ಇಳಿಸುವ ಗಣಿತಕ್ರಮಕ್ಕೆ ಪ್ರಕ್ಷೇಪವೆಂದು ಹೆಸರು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯೇ ಪ್ರಕ್ಷೇಪಗಳ ಚರಿತ್ರೆಯೆಲ್ಲ.

೨

ಈ ಕಷ್ಟವನ್ನು ಪ್ರಾಚೀನರೂ ಬಲ್ಲವರಾಗಿದ್ದರು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿಯು ತನ್ನ ಭೂಗೋಳಗ್ರಂಥದಲ್ಲಿ ಸುಮಾರು ಎಂಟು ಸಾವಿರ ಸ್ಥಳಗಳಿಗೆ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟನು. ನಮ್ಮ ಬನವಾಸಿಯ ಹೆಸರೂ ಅದರಲ್ಲಿ ಉಂಟೆಂದು ವಿದ್ವಾಂಸರು ಗುರುತಿಸಿರುವುದನ್ನು ವಾಚಕರು ಬಲ್ಲರು. ಗೋಳದ ಮೇಲೆ ಬರೆದರೆ ಆಕೃತಿ ಕೆಡದು, ಆದರೆ ಬೇಕಾದಷ್ಟು ದೊಡ್ಡ ಗೋಳವನ್ನು ಮಾಡುವುದು ಕಷ್ಟ. ಸಮತಲದಲ್ಲಿ ಬರೆಯುವುದು ಸುಲಭ, ಆದರೆ ಉಪಾಯಬೇಕು ಎಂದು ವಿವರಿಸಿ, ಅವನು ಅಂಥ ಉಪಾಯಗಳು ಎರಡನ್ನು ಹೇಳಿದ್ದಾನೆ.

ಟಾಲೆಮಿಯ ಅಂಕೆಗಳಿಂದ ರಚಿಸಿದ ಪಟದಲ್ಲಿ ಭಾರತದ ಆಕಾರವು ವಿಚಿತ್ರವಾಗಿದೆ. ನಮ್ಮ ಪರ್ಯಾಯದ್ವೀಪವೇ ಇಲ್ಲವೆಂಬಂತೆ ಕರಾವಳಿಯು ಪೂರ್ವಪಶ್ಚಿಮವಾಗಿ ಹರಿಯುವುದು. ಸಿಂಹಳದ್ವೀಪವು ನಿಜಕ್ಕಿಂತ ಹಲವು ಮಡಿ ದೊಡ್ಡದಾಗಿ ಕೂತಿರುವುದು. ಇದು ಪ್ರಕ್ಷೇಪದ ದೋಷವಲ್ಲ. ದೂರದೇಶದ ನಾವಿಕರಿಂದಲೂ ವರ್ತಕರಿಂದಲೂ ಕೇಳಿ ತಿಳಿದ ವರ್ತಮಾನದ ದೋಷ. ಪಟದಲ್ಲಿ ಕಾಣುವ ದೋಷಗಳಲ್ಲಿ ಹೀಗೆ ಎರಡು ಬಗೆಯುಂಟೆಂಬುದನ್ನು ನೆನಪಿನಲ್ಲಿಡಬೇಕು. ಒಂದು ಅಜ್ಞಾನದಿಂದ ಬಂದುದು. ತಿಳಿವಳಿಕೆ ಹೆಚ್ಚಿದಂತೆ ಅದು ತೊಲಗುವುದು. ಇನ್ನೊಂದು ಗೋಳದ ಸ್ವಭಾವದಿಂದಲೇ ಬಂದುದು; ಎಷ್ಟು ತಿಳಿವಳಿಕೆ ಬಂದರೂ ಅದು ತೊಲಗದು, ಸ್ಥಳವನ್ನು ಮಾತ್ರ ಬದಲಾಯಿಸುವುದು. ಇಂದು ಆಕಾಶದಿಂದ ಭೂಮಿಯ ಪ್ರತಿಯೊಂದು ಅಂಗುಲದ ಚಿತ್ರವನ್ನು ತೆಗೆಯುತ್ತಿದ್ದರೂ ಗ್ರೀನ್‌ಲೆಂಡು ಆಫ್ರಿಕಾಕ್ಕೆ ಸಮನಾಗಿ ಕಾಣುವ ಪಟಗಳು ಇನ್ನೂ ಇರುವುದಕ್ಕೆ ಈ ಎರಡನೆಯ ಬಗೆಯ ದೋಷವೇ ಕಾರಣ.

೩

ಆ ಪಟದ ಕರ್ತೃ ಗೆರಾರ್ಡಸ್ ಮರ್ಕೇಟರ್. ಈತನು ೧೫೧೨ನೆಯ ಇಸವಿಯ ಮಾರ್ಚಿ ೫ರಂದು ಫ್ಲಾಂಡರ್ಸ್ ಪ್ರಾಂತದ ರೂಪೆಲ್ಮಾಂಡೆ ಎಂಬ ಊರಿನಲ್ಲಿ ಹುಟ್ಟಿದನು. ಗೋಳಗಳನ್ನೂ ಗಣಿತದ ಯಂತ್ರಗಳನ್ನೂ ಮಾಡಿ, ತಾಮ್ರದ ತಗಡಿನಲ್ಲಿ ಪಟಗಳನ್ನು ಕೆತ್ತಿ ಜೀವಿಸಿದ ಕುಶಲಿ. ೧೫೪೪ರಲ್ಲಿ ಮತದ್ರೋಹದ ಶಂಕೆಯಿಂದ ಇವನನ್ನು ಹಿಡಿದು ಸುಮಾರು ಏಳು ತಿಂಗಳು ಸೆರೆಯಲ್ಲಿಟ್ಟಿದ್ದರು. ೧೫೫೨ರಲ್ಲಿ ಅವನು ಜರ್ಮನಿಯ ಡ್ಯೂಸ್‌ಬರ್ಗ್ ಪಟ್ಟಣಕ್ಕೆ ಹೋಗಿ ನೆಲಸಿ, ೧೫೯೪ರಲ್ಲಿ ಅಲ್ಲಿಯೇ ಕಾಲವಾದನು.

ಅವನ ಕಾಲವು ದೊಡ್ಡ ನೌಕಾಯಾನಗಳ ಕಾಲ. ಕಡಲಿನ ನಡುವೆ ನಾವಿಕನಿಗೆ ಇದ್ದ ಆಸರೆಯೆಂದರೆ ದಿಕ್ಸೂಚಿ. ಅದರ ಮುಳ್ಳಿಗೆ ಒಂದು ನಿಶ್ಚಿತವಾದ ಕೋಣವನ್ನು ಇಟ್ಟುಕೊಂಡು ಅದೇ ದಿಕ್ಕಿನಲ್ಲಿ ಹಡಗನ್ನು ನಡೆಸುತ್ತ ಹೋಗುವುದು ಅವನಿಗೆ ಸುಲಭ. ಆದರೆ ಹೀಗೆ ಒಂದೇ ದಿಕ್ಕನ್ನು ಹಿಡಿದು ಹೋದವನ ಮಾರ್ಗವು ಗೋಳದ ಮೇಲೆ ಸರಳವಾದ ವೃತ್ತವಾಗುವುದಿಲ್ಲ. ಧ್ರುವದ ಕಡೆಗೆ ಸುತ್ತಿಕೊಳ್ಳುತ್ತ ಹೋಗುವ ಸುರುಳಿಯಾಗುವುದು. ಈ ವಿಷಯವನ್ನು ೧೫೩೭ರಲ್ಲಿ ಪೋರ್ತುಗಲ್ಲಿನ ಗಣಿತಜ್ಞ ಪೆದ್ರೊ ನೂನೆಸನು ವಿಚಾರಮಾಡಿದನು. ೧೫೪೧ರಲ್ಲಿ ಮರ್ಕೇಟರನು ತಾನು ಮಾಡಿದ ಭೂಗೋಳದ ಮೇಲೆ ಇಂಥ ಸುರುಳಿಗಳನ್ನೇ ಬರೆದು ತೋರಿಸಿದನು. ಆದರೆ ಹಡಗಿನ ಮೇಜಿನ ಮೇಲೆ ಹರಡತಕ್ಕದ್ದು ಹಾಳೆ. ಆ ಹಾಳೆಯಲ್ಲಿ ಸುರುಳಿಯನ್ನು ಎಳೆಯುವುದು ನಾವಿಕನ ಕೈಲಾಗದ ಕೆಲಸ. ಅವನಿಗೆ ಬೇಕಾದುದು ಅಳತೆಯ ಕೋಲಿಟ್ಟು ಎಳೆಯಬಹುದಾದ ಸರಳರೇಖೆ. ಹೊರಟ ಊರಿನಿಂದ ಹೋಗಬೇಕಾದ ಊರಿಗೆ ಒಂದು ಗೆರೆಯೆಳೆದು, ಆ ಗೆರೆಯ ಕೋಣವನ್ನೇ ದಿಕ್ಸೂಚಿಯಲ್ಲಿಟ್ಟು ಹೊರಟರೆ ತಲುಪುವಂಥ ಪಟ ಅವನಿಗೆ ಬೇಕಾಗಿದ್ದಿತು.

ಮರ್ಕೇಟರನು ೧೫೬೯ರಲ್ಲಿ ಹದಿನೆಂಟು ಹಾಳೆಗಳಲ್ಲಿ ಪ್ರಕಟಿಸಿದ ಜಗತ್ಪಟವು ಈ ಬಯಕೆಯನ್ನು ಪೂರೈಸಿತು. ಅವನ ಉಪಾಯವು ಹೇಗೆಂದರೆ: ಗೋಳದ ಮೇಲೆ ರೇಖಾಂಶವೃತ್ತಗಳು ಧ್ರುವದಲ್ಲಿ ಒಂದುಗೂಡುವುವು, ಪಟದಲ್ಲಿ ಅವನ್ನು ಒಂದಕ್ಕೊಂದು ಸಮಾಂತರವಾದ ಲಂಬರೇಖೆಗಳನ್ನಾಗಿ ಬರೆದರೆ, ವಿಷುವದ್ವೃತ್ತದಿಂದ ದೂರ ಹೋದಷ್ಟೂ ಪೂರ್ವಪಶ್ಚಿಮದ ಅಳತೆಯು ಹಿಗ್ಗುವುದು. ಹಿಗ್ಗಿದ್ದು ಒಂದೇ ದಿಕ್ಕಿನಲ್ಲಾದರೆ ಕೋಣವು ಕೆಡುವುದು. ಆದಕಾರಣ ಅದೇ ಪ್ರಮಾಣದಲ್ಲಿ ದಕ್ಷಿಣೋತ್ತರದ ಅಳತೆಯನ್ನೂ ಹಿಗ್ಗಿಸಿದರೆ ಕೋಣವು ಉಳಿಯುವುದು, ಸುರುಳಿಯು ಸರಳವಾಗುವುದು. ಹೀಗೆ ಕೋಣಕ್ಕಾಗಿ ಅವನು ವಿಸ್ತೀರ್ಣವನ್ನು ತಿಳಿದೂ ತಿಳಿದೂ ಬಿಟ್ಟುಕೊಟ್ಟನು.

ಇದರಲ್ಲಿ ಕಪಟವಾವುದೂ ಇಲ್ಲ. ಈ ಪಟವನ್ನು ನಾವಿಕರ ಉಪಯೋಗಕ್ಕೆ ಹೊಂದಿಸಿದೆಯೆಂದು ಅದರ ಶಿರೋನಾಮೆಯಲ್ಲಿಯೇ ಬರೆದಿದೆ. ಅಕ್ಷಾಂಶಗಳನ್ನು ಧ್ರುವದ ಕಡೆಗೆ ಹಿಗ್ಗಿಸಿರುವುದನ್ನೂ ಪಟದ ಮೇಲೆಯೇ ವಿವರಿಸಿದ್ದಾನೆ. ಧ್ರುವವು ಈ ಕ್ರಮದಲ್ಲಿ ಎಂದಿಗೂ ಹಾಳೆಯೊಳಗೆ ಸಿಕ್ಕದಾದುದರಿಂದ ಉತ್ತರಧ್ರುವದ ಪ್ರದೇಶಕ್ಕೆ ಮೂಲೆಯಲ್ಲಿ ಪ್ರತ್ಯೇಕವಾದ ಚಿತ್ರವನ್ನು ಕೊಟ್ಟಿದ್ದಾನೆ. ಇನ್ನೂ ಒಂದು ಪ್ರಮಾಣವುಂಟು. ಅವನು ಕಾಲವಾದ ಮರುವರ್ಷ, ಎಂದರೆ ೧೫೯೫ರಲ್ಲಿ, ಅವನ ಭೂಪಟಸಂಗ್ರಹವು ಪ್ರಕಟವಾಯಿತು. ಪಟಗಳ ಸಂಗ್ರಹಕ್ಕೆ ಅಟ್ಲಾಸ್ ಎಂಬ ಹೆಸರು ರೂಢಿಗೆ ಬಂದುದು ಅದರಿಂದಲೇ. ಆ ಗ್ರಂಥದ ಜಗತ್ಪಟವು ಎರಡು ಗೋಳಾರ್ಧಗಳ ರೂಪದಲ್ಲಿದೆ. ಕಡಲಿಗಾಗಿ ಮಾಡಿದ ಕ್ರಮವನ್ನು ಅಲ್ಲಿ ಬಳಸಿಲ್ಲ.

ಮರ್ಕೇಟರನು ತನ್ನ ಪಟವನ್ನು ಯಾವ ಲೆಕ್ಕದಿಂದ ಬರೆದನೆಂಬುದನ್ನು ವಿವರವಾಗಿ ಬಿಟ್ಟುಹೋಗಲಿಲ್ಲ. ಆ ಲೆಕ್ಕವನ್ನು ಶುದ್ಧವಾಗಿ ಕಟ್ಟಿಕೊಟ್ಟವನು ಇಂಗ್ಲೆಂಡಿನ ಎಡ್ವರ್ಡ್ ರೈಟ್. ಅವನು ಕೇಂಬ್ರಿಜ್ಜಿನ ಪಂಡಿತ. ೧೫೮೯ರಲ್ಲಿ ಅಜೋರ್ಸ್ ದ್ವೀಪಗಳ ಕಡೆಗೆ ಹೋದ ನೌಕಾಯಾತ್ರೆಯಲ್ಲಿ ಸೇರಿಕೊಂಡು ನಾವಿಕರ ಪಟಗಳ ದೋಷಗಳನ್ನು ಕಣ್ಣಾರೆ ಕಂಡನು. ತರುವಾಯ ಕಲೆಕಲೆಗೂ ಹಿಗ್ಗುವಿಕೆಯ ಪ್ರಮಾಣವನ್ನು ಕೂಡಿಸುತ್ತ ಹೋಗಿ, ಯಾವ ಅಕ್ಷಾಂಶವನ್ನು ಪಟದಲ್ಲಿ ಎಷ್ಟು ಎತ್ತರದಲ್ಲಿ ಬರೆಯಬೇಕೆಂಬ ಕೋಷ್ಟಕವನ್ನು ೧೫೯೯ರಲ್ಲಿ ಪ್ರಕಟಿಸಿದನು. ಅಲ್ಲಿಂದ ಮುಂದೆ ಕ್ರಮವಾಗಿ ಕಡಲಿನ ಪಟಗಳೆಲ್ಲ ಈ ಮಾರ್ಗವನ್ನು ಹಿಡಿದವು. ಇಂದಿಗೂ ನಾವಿಕರ ಪಟಗಳಲ್ಲಿ ಇದೇ ಕ್ರಮವು ಪ್ರಧಾನವಾಗಿ ನಿಂತಿದೆ.

೪

ಹಿಗ್ಗುವಿಕೆಯ ಪ್ರಮಾಣವು ಎಷ್ಟೆಂಬುದನ್ನು ತಿಳಿಯುವುದಕ್ಕೆ ನಮ್ಮ ಸಿದ್ಧಾಂತಗ್ರಂಥಗಳನ್ನು ಓದಿದವರಿಗೆ ಹೊಸ ಗಣಿತವೇನೂ ಬೇಡ. ಸ್ವದೇಶದ ಸ್ಫುಟಭೂಪರಿಧಿಯನ್ನು ತರುವ ಕ್ರಮವು ಸೂರ್ಯಸಿದ್ಧಾಂತದಲ್ಲಿಯೇ ಇದೆ. ಭೂಪರಿಧಿಯನ್ನು ಲಂಬಜ್ಯೆಯಿಂದ ಗುಣಿಸಿ ತ್ರಿಜ್ಯೆಯಿಂದ ಭಾಗಿಸಿದರೆ ಆಯಾ ಅಕ್ಷಾಂಶದ ವೃತ್ತದ ಪರಿಧಿ ಬರುವುದು. ದೇಶಾಂತರಸಂಸ್ಕಾರಕ್ಕಾಗಿ ಪಂಚಾಂಗಕರ್ತರು ಶತಮಾನಗಳಿಂದ ಮಾಡಿಕೊಂಡು ಬಂದ ಲೆಕ್ಕವಿದು. ಇದರಂತೆ ೬೦ನೆಯ ಅಕ್ಷಾಂಶದ ವೃತ್ತವು ವಿಷುವದ್ವೃತ್ತದ ಸರಿಯಾಗಿ ಅರ್ಧದಷ್ಟು. ಮರ್ಕೇಟರನ ಪಟದಲ್ಲಿ ಅದನ್ನೂ ವಿಷುವದ್ವೃತ್ತದಷ್ಟೇ ಉದ್ದವಾಗಿ ಬರೆದಿರುವುದರಿಂದ ಅಗಲವು ಎರಡರಷ್ಟಾಯಿತು. ಕೋಣದ ಸಲುವಾಗಿ ಎತ್ತರವನ್ನೂ ಎರಡರಷ್ಟು ಮಾಡಿದುದರಿಂದ ವಿಸ್ತೀರ್ಣವು ನಾಲ್ಕರಷ್ಟಾಯಿತು. ೭೫ನೆಯ ಅಕ್ಷಾಂಶದಲ್ಲಿ ಇದು ಸುಮಾರು ೧೫ರಷ್ಟು, ೮೦ರಲ್ಲಿ ಸುಮಾರು ೩೩ರಷ್ಟು. ಧ್ರುವದಲ್ಲಿ ಲಂಬಜ್ಯೆಯು ಶೂನ್ಯವಾಗುವುದರಿಂದ ಹಿಗ್ಗುವಿಕೆಯು ಖಹರವಾಗುವುದು, ಎಂದರೆ ಅದಕ್ಕೆ ಮಿತಿಯೇ ಇಲ್ಲ.

ನಮ್ಮ ದೇಶದೊಳಗೇ ಈ ಭೇದವನ್ನು ಕಾಣಬಹುದು. ಬೆಂಗಳೂರು ಸುಮಾರು ೧೩ನೆಯ ಅಕ್ಷಾಂಶದಲ್ಲಿದೆ. ಅಲ್ಲಿ ವಿಸ್ತೀರ್ಣವು ನೂರಕ್ಕೆ ಐದರಷ್ಟು ಮಾತ್ರ ಹೆಚ್ಚಾಗಿ ತೋರುವುದು. ೩೪ನೆಯ ಅಕ್ಷಾಂಶದ ಶ್ರೀನಗರದಲ್ಲಿ ನೂರಕ್ಕೆ ನಲವತ್ತೈದರಷ್ಟು ಹೆಚ್ಚಾಗಿ ತೋರುವುದು. ಕರ್ನಾಟಕದ ವಿಸ್ತೀರ್ಣ ೧,೯೧,೭೯೧ ಚದರ ಕಿಲೋಮೀಟರು. ಉತ್ತರದ ಐಸ್‌ಲೆಂಡ್ ದ್ವೀಪದ್ದು ಸುಮಾರು ೧,೦೩,೦೦೦. ಎಂದರೆ ನಮ್ಮ ರಾಜ್ಯದ ಅರ್ಧಕ್ಕಿಂತ ತುಸು ಹೆಚ್ಚು. ಆದರೆ ಅದು ೬೫ನೆಯ ಅಕ್ಷಾಂಶದಲ್ಲಿರುವುದರಿಂದ ಮರ್ಕೇಟರನ ಪಟದಲ್ಲಿ ಕರ್ನಾಟಕದ ಹೆಚ್ಚು ಕಡಿಮೆ ಮೂರರಷ್ಟಾಗಿ ಕಾಣುವುದು. ಮಡಗಾಸ್ಕರ್ ದ್ವೀಪವು ೫.೮೭ ಲಕ್ಷ ಚದರ ಕಿಲೋಮೀಟರುಗಳಷ್ಟಿದ್ದು ಗ್ರೇಟ್ ಬ್ರಿಟನ್ ದ್ವೀಪದ ಎರಡೂವರೆಗೂ ಮೀರಿದ್ದಾಗಿದೆ. ಪಟದಲ್ಲಿ ಎರಡೂ ಸರಿಸುಮಾರು ಒಂದೇ ಅಳತೆಯವಾಗಿ ತೋರುವುವು. ಅಲಾಸ್ಕಾವು ಬ್ರೆಜಿಲ್ ದೇಶಕ್ಕೆ ಸಮನಾಗಿ ತೋರುವುದು; ವಾಸ್ತವದಲ್ಲಿ ಅದರ ಐದನೆಯ ಒಂದು ಪಾಲು ಮಾತ್ರ.

ಈ ಉದಾಹರಣೆಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ತೋರುವುದು. ಹಿಗ್ಗಿದವುಗಳಲ್ಲಿ ಬಹುಭಾಗ ಯುರೋಪು, ಉತ್ತರ ಅಮೆರಿಕ, ರಷ್ಯಾ; ಹಿಗ್ಗದೆ ಉಳಿದವು ಆಫ್ರಿಕಾ, ದಕ್ಷಿಣ ಅಮೆರಿಕ, ಭಾರತ, ಇಂಡೋನೇಷ್ಯಾ. ಆಳಿದವರ ದೇಶಗಳು ಮಧ್ಯ ಅಕ್ಷಾಂಶಗಳಿಗೂ ಅದಕ್ಕೆ ಮೇಲೆಯೂ ಇದ್ದವು. ಆಳಿಸಿಕೊಂಡ ದೇಶಗಳಲ್ಲಿ ಬಹಳ ಪಾಲು ವಿಷುವದ್ವೃತ್ತದ ಎರಡು ಪಕ್ಕದಲ್ಲಿದ್ದವು. ಇದನ್ನು ಮರ್ಕೇಟರನು ಉದ್ದೇಶಿಸಿದನೆಂದು ಹೇಳುವುದು ಅನ್ಯಾಯ. ೧೫೬೯ರಲ್ಲಿ ಭೂಗೋಳದ ಮೇಲೆ ಅಂಥ ಸಾಮ್ರಾಜ್ಯವಿಭಾಗವೇ ಇನ್ನೂ ಆಗಿರಲಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲಿನ ಪಟವು ಮನೆಯ ಗೋಡೆಗೂ ಶಾಲೆಯ ಗೋಡೆಗೂ ಬಂದಾಗ, ಅದನ್ನು ತೂಗಿಸಿದವರಿಗೆ ಅದರಿಂದ ಅಪ್ರಿಯವೇನೂ ಆಗಲಿಲ್ಲವೆಂಬುದು ಮಾತ್ರ ಸತ್ಯ. ೧೮೮೬ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಬ್ರಿಟಿಷ್ ಸಾಮ್ರಾಜ್ಯದ ವಿಸ್ತಾರವನ್ನು ತೋರಿಸುವ ಅಲಂಕೃತವಾದ ಪಟವನ್ನು ಹಂಚಿತು. ಅದು ಮರ್ಕೇಟರನ ಕ್ರಮದ್ದು. ಬ್ರಿಟಿಷ್ ಅಧೀನದ ನಾಡುಗಳಿಗೆಲ್ಲ ಒಂದೇ ಬಣ್ಣವನ್ನು ಹಚ್ಚಿದಾಗ ಕೆನಡಾದ ಹಿಮಪ್ರದೇಶವು ನಿಜಕ್ಕಿಂತ ಹಲವು ಮಡಿ ಹಿಗ್ಗಿ ಸಾಮ್ರಾಜ್ಯದ ಘನತೆಯನ್ನು ಹೆಚ್ಚಿಸಿತು.

ಅಂಥ ಪಟದ ಮುಂದೆ ಕುಳಿತು ಓದಿದ ನಮ್ಮ ಬಾಲಕರಿಗೆ ಯಾರೂ ಬಾಯಿಬಿಟ್ಟು ನಿಮ್ಮ ನಾಡು ಚಿಕ್ಕದೆಂದು ಹೇಳಬೇಕಾಗಿರಲಿಲ್ಲ. ಗೋಡೆಯು ಪ್ರತಿದಿನವೂ ಮೌನವಾಗಿ ಹೇಳುತ್ತಿದ್ದಿತು. ಉಪಾಧ್ಯಾಯನ ಮಾತನ್ನು ಬಾಲಕನು ಮರೆಯಬಹುದು, ಸಂಶಯಿಸಲೂಬಹುದು. ಚಿತ್ರವನ್ನು ಸಂಶಯಿಸುವವರು ಕಡಿಮೆ. ಪಟದ ವಿಕಾರವು ಕೇವಲ ಗಣಿತಜ್ಞರ ವಿಷಯವಲ್ಲವೆಂದು ನಾನು ಹೇಳುವುದು ಈ ಕಾರಣದಿಂದ.

೫

ವಿಸ್ತೀರ್ಣವನ್ನೇ ಉಳಿಸಿಕೊಳ್ಳುವ ಪಟವು ಸಾಧ್ಯವಿಲ್ಲವೆ? ಅವಶ್ಯವಾಗಿ ಸಾಧ್ಯ. ಅದರ ಬೀಜವು ಭಾಸ್ಕರಾಚಾರ್ಯರ ಗಣಿತದಲ್ಲಿಯೇ ಇದೆ. ಲೀಲಾವತಿಯಲ್ಲಿ ಅವರು ಗೋಳದ ಮೇಲ್ಮೈಯ ಫಲವನ್ನು ಚೆಂಡಿಗೆ ಹೊದಿಸಿದ ಬಲೆಗೆ ಹೋಲಿಸಿ, ಅದು ಗೋಳದ ಮಧ್ಯವೃತ್ತದ ಕ್ಷೇತ್ರಫಲದ ನಾಲ್ಕರಷ್ಟೆಂದು ಹೇಳಿದ್ದಾರೆ. ಸಿದ್ಧಾಂತಶಿರೋಮಣಿಯಲ್ಲಿ ಪರಿಧಿಯನ್ನು ವ್ಯಾಸದಿಂದ ಗುಣಿಸಿದರೆ ಅದೇ ಫಲವು ಬರುವುದೆಂದು ಸಾಧಿಸಿ, ಲಲ್ಲಾಚಾರ್ಯನ ನಿಯಮವು ತಪ್ಪೆಂದು ಖಂಡಿಸಿದ್ದಾರೆ. ಗ್ರೀಸಿನ ಆರ್ಕಿಮಿಡೀಸನು ಇದೇ ತತ್ತ್ವವನ್ನು ಬಹು ಹಿಂದೆಯೇ ಕಂಡಿದ್ದನು.

ಈ ನಿಯಮವನ್ನು ಪಟದ ದೃಷ್ಟಿಯಿಂದ ಓದಿ ನೋಡಿ. ಪರಿಧಿಯಷ್ಟು ಉದ್ದ, ವ್ಯಾಸದಷ್ಟು ಅಗಲ ಇರುವ ಆಯತಾಕಾರದ ಹಾಳೆಯೊಂದನ್ನು ಕತ್ತರಿಸಿದರೆ ಅದರ ವಿಸ್ತೀರ್ಣವು ಇಡೀ ಗೋಳದ ವಿಸ್ತೀರ್ಣಕ್ಕೆ ಸರಿಯಾಗಿ ಸಮ. ಗೋಳದ ಒಂದೊಂದು ಪಟ್ಟೆಯನ್ನೂ ಅಕ್ಷದಿಂದ ನೇರವಾಗಿ ಹೊರಕ್ಕೆ ಸರಿಸಿ ಈ ಹಾಳೆಯ ಮೇಲೆ ಇಳಿಸಿದರೆ, ಪ್ರತಿಯೊಂದು ದೇಶಕ್ಕೂ ಅದರ ನಿಜವಾದ ಪಾಲು ಸಲ್ಲುವುದು. ೧೭೭೨ರಲ್ಲಿ ಲ್ಯಾಂಬರ್ಟ್ ಎಂಬ ಗಣಿತಜ್ಞನು ವಿವರಿಸಿದ ಸಮಕ್ಷೇತ್ರಪಟವು ಇದೇ ಆಗಿದೆ. ಅದೇ ಪ್ರಬಂಧದಲ್ಲಿ ಅವನು ಇನ್ನೂ ಹಲವು ಪ್ರಕ್ಷೇಪಗಳನ್ನು ಕೊಟ್ಟನು. ಈ ಶಾಸ್ತ್ರದಲ್ಲಿ ಅವನಿಗೆ ಸಮನಾದವರು ವಿರಳ.

ಲ್ಯಾಂಬರ್ಟನ ಪಟದಲ್ಲಿ ವಿಸ್ತೀರ್ಣವು ಉಳಿದರೂ ಉತ್ತರದ ದೇಶಗಳು ರೊಟ್ಟಿಯಂತೆ ತಟ್ಟಿ ಹರಡಿದಂತಾಗುವುವು. ಆ ಹಾಳೆಯನ್ನೇ ಅಗಲದಲ್ಲಿ ಕುಗ್ಗಿಸಿ ಎತ್ತರದಲ್ಲಿ ಹಿಗ್ಗಿಸಿ, ೪೫ನೆಯ ಅಕ್ಷಾಂಶದಲ್ಲಿ ಆಕಾರವು ಸರಿಯಾಗಿ ಬರುವಂತೆ ಸ್ಕಾಟ್ಲೆಂಡಿನ ಪಾದ್ರಿ ಜೇಮ್ಸ್ ಗಾಲ್ ೧೮೫೫ರಲ್ಲಿ ಒಂದು ಪಟವನ್ನು ಮಂಡಿಸಿದನು. ಅದನ್ನು ಲೋಕವು ಗಮನಿಸಲಿಲ್ಲ. ೧೯೭೩ರಲ್ಲಿ ಜರ್ಮನಿಯ ಇತಿಹಾಸಕಾರ ಆರ್ನೋ ಪೀಟರ್ಸ್ ಅಂಥದೇ ಪಟವನ್ನು ತನ್ನ ಹೊಸ ರಚನೆಯೆಂದು ಪ್ರಕಟಿಸಿ, ಮರ್ಕೇಟರನ ಪಟವು ಬಡದೇಶಗಳಿಗೆ ಮಾಡಿದ ಅನ್ಯಾಯವೆಂದು ಸಾರಿದನು. ಹಲವು ಅಂತರರಾಷ್ಟ್ರೀಯ ಸೇವಾಸಂಸ್ಥೆಗಳು ಅದನ್ನು ಎತ್ತಿಕೊಂಡವು. ಭೂಪಟಶಾಸ್ತ್ರಜ್ಞರಾದರೋ ಕುಪಿತರಾದರು. ಅವರ ಆಕ್ಷೇಪಣೆ ಎರಡು: ಪಟವು ಹೊಸದಲ್ಲ, ಗಾಲನದು, ವಿಸ್ತೀರ್ಣವನ್ನು ಉಳಿಸುವ ಭರದಲ್ಲಿ ಆಕಾರವನ್ನು ಹಾಳುಮಾಡಿದೆ. ಎರಡನೆಯ ಮಾತನ್ನು ಯಾರಾದರೂ ಪರೀಕ್ಷಿಸಬಹುದು. ಆ ಪಟದಲ್ಲಿ ವಿಷುವದ್ವೃತ್ತದ ಬಳಿ ದಕ್ಷಿಣೋತ್ತರದ ಅಳತೆಯು ಪೂರ್ವಪಶ್ಚಿಮದ ಅಳತೆಯ ಎರಡರಷ್ಟು ಹಿಗ್ಗಿರುವುದು. ಆದ್ದರಿಂದ ಯಾವ ಆಫ್ರಿಕಾಕ್ಕೆ ನ್ಯಾಯಮಾಡಲು ಹೊರಟಿತೋ ಅದೇ ಆಫ್ರಿಕಾ ಜಗ್ಗಿ ಉದ್ದವಾದಂತೆ ಕಾಣುವುದು. ಆಕಾರವು ಸರಿಯಾಗಿ ಉಳಿಯುವುದು ೪೫ನೆಯ ಅಕ್ಷಾಂಶದಲ್ಲಿ, ಎಂದರೆ ಯುರೋಪಿನ ನಡುವೆ!

ಆದರೂ ಪೀಟರ್ಸನ ಗದ್ದಲವು ನಿಷ್ಫಲವಾಯಿತೆಂದು ಹೇಳಲಾಗದು. ಗಣಿತಜ್ಞರ ಮನೆಯೊಳಗಿದ್ದ ಪ್ರಶ್ನೆಯನ್ನು ಅವನು ಬೀದಿಗೆ ತಂದನು. ೧೯೮೯ರಲ್ಲಿ ಉತ್ತರ ಅಮೆರಿಕದ ಏಳು ಭೂಗೋಳ ಸಂಘಗಳು ಕೂಡಿ, ಸಾಮಾನ್ಯ ಉಪಯೋಗಕ್ಕೆ ಆಯತಾಕಾರದ ಜಗತ್ಪಟಗಳನ್ನು ಬಳಸಬಾರದೆಂದು ನಿರ್ಣಯಮಾಡಿದವು. ಇದರಿಂದ ಮರ್ಕೇಟರನ ಪಟವೂ ಪೀಟರ್ಸನ ಪಟವೂ ಒಟ್ಟಿಗೆ ಹೊರಬಿದ್ದವು. ಯಾವ ಗುಣವನ್ನೂ ಪೂರ್ಣವಾಗಿ ಉಳಿಸದೆ, ಯಾವುದನ್ನೂ ಅತಿಯಾಗಿ ಕೆಡಿಸದೆ ನಡೆಯುವ ಮಧ್ಯಮಮಾರ್ಗದ ಪಟಗಳೂ ಅಷ್ಟರಲ್ಲಿ ಬಂದಿದ್ದವು. ೧೯೨೧ರ ವಿಂಕೆಲನ ಕ್ರಮ, ೧೯೬೩ರ ರಾಬಿನ್‌ಸನ್ನನ ಕ್ರಮ ಇಂಥವು. ೧೯೨೩ರಲ್ಲಿ ಗೂಡ್ ಎಂಬವನು ಹಣ್ಣಿನ ಸಿಪ್ಪೆಯಂತೆ ಸಾಗರಗಳಲ್ಲಿ ಸೀಳು ಬಿಟ್ಟ ಸಮಕ್ಷೇತ್ರಪಟವನ್ನು ಮಾಡಿದನು. ಅದರಲ್ಲಿ ನೆಲದ ಆಕಾರವೂ ಸಾಕಷ್ಟು ಉಳಿಯುವುದು, ಆದರೆ ಕಡಲುಗಳು ಹರಿದುಹೋಗುವುವು. ೨೦೧೮ರಲ್ಲಿ ಶಾವ್ರಿಚ್, ಪ್ಯಾಟರ್‌ಸನ್, ಯೆನ್ನಿ ಎಂಬ ಮೂವರು, ವಿಸ್ತೀರ್ಣವನ್ನು ಉಳಿಸಿಯೂ ಕಣ್ಣಿಗೆ ಹಿತವಾಗುವಂತೆ ಈಕ್ವಲ್ ಅರ್ತ್ ಎಂಬ ಪಟವನ್ನು ರಚಿಸಿದರು. ಮರ್ಕೇಟರನ ಪಟವನ್ನು ಕೈಬಿಟ್ಟು ಇಂಥ ಪಟವನ್ನು ಸ್ವೀಕರಿಸಬೇಕೆಂಬ ಚಳವಳಿಗೆ ೨೦೨೫ರ ಆಗಸ್ಟ್ ತಿಂಗಳಲ್ಲಿ ಆಫ್ರಿಕಾದ ರಾಷ್ಟ್ರಗಳ 
ಒಕ್ಕೂಟವು ಬೆಂಬಲವನ್ನು ಸೂಚಿಸಿತು. ನಾಲ್ಕೂವರೆ ಶತಮಾನಗಳ ಹಿಂದಿನ ಒಂದು ಹಾಳೆಯ ಬಗ್ಗೆ ಇಡೀ ಖಂಡವೊಂದು ಮಾತನಾಡಬೇಕಾಯಿತೆಂದರೆ ಪಟದ ಶಕ್ತಿಯನ್ನು ಊಹಿಸಬಹುದು.

೬

ಇಷ್ಟರಿಂದ ಮರ್ಕೇಟರನ ಕ್ರಮವು ಅಳಿದುಹೋಗತಕ್ಕದ್ದೆಂದು ತೀರ್ಮಾನಿಸಬಾರದು. ೨೦೦೫ರಲ್ಲಿ ಗೂಗಲ್ ಸಂಸ್ಥೆಯು ತನ್ನ ಗಣಕಯಂತ್ರದ ಪಟಗಳಿಗೆ ಅದೇ ಕ್ರಮದ ಒಂದು ರೂಪವನ್ನು ಆರಿಸಿಕೊಂಡಿತು. ಇದಕ್ಕೆ ಕಾರಣ ಸ್ಪಷ್ಟ. ಒಂದು ಪೇಟೆಯ ಬೀದಿಗಳನ್ನು ನೋಡುವವನಿಗೆ ಬೇಕಾದುದು ಕೋಣ. ನೇರವಾಗಿ ಕೂಡುವ ಎರಡು ಬೀದಿಗಳು ಪಟದಲ್ಲಿಯೂ ನೇರವಾಗಿಯೇ ಕೂಡಬೇಕು. ಬೀದಿಯಷ್ಟು ಚಿಕ್ಕ ಸ್ಥಳದಲ್ಲಿ ವಿಸ್ತೀರ್ಣದ ಭೇದವು ತೋರದು. ಜಗತ್ತನ್ನೆಲ್ಲ ಒಟ್ಟಿಗೆ ನೋಡುವಾಗ ಮಾತ್ರ ಅದು ಬಾಧಿಸುವುದು. ೨೦೧೮ರಲ್ಲಿ ಆ ಸಂಸ್ಥೆಯು, ಗಣಕಯಂತ್ರದಲ್ಲಿ ದೂರ ಸರಿದು ನೋಡುವಾಗ ಪಟದ ಬದಲು ಗೋಳವೇ ಕಾಣುವಂತೆ ಏರ್ಪಾಡುಮಾಡಿತು.

ನಮ್ಮ ದೇಶದ ಭೂಮಾಪನದ ಕಥೆಯೂ ಇದನ್ನೇ ಹೇಳುವುದು. ಶ್ರೀರಂಗಪಟ್ಟಣದ ಪತನದ ಮರುವರ್ಷ, ೧೮೦೦ರಲ್ಲಿ, ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ೧೮೦೨ರಲ್ಲಿ ಮದರಾಸಿನಲ್ಲಿ ಆರಂಭವಾದ ಮಹಾತ್ರಿಕೋಣಮಾಪನಕ್ಕೆ ಇದು ಪೂರ್ವಭಾವಿಯಾಯಿತು. ಆ ಅಳತೆಗಳನ್ನೆಲ್ಲ ಹಾಳೆಗೆ ಇಳಿಸುವಾಗ ಸರ್ವೇ ಇಲಾಖೆಯವರು ಜಗತ್ಪಟದ ಕ್ರಮವನ್ನು ಬಳಸಲಿಲ್ಲ. ಚಿಕ್ಕ ಚಿಕ್ಕ ಹಾಳೆಗಳಿಗೆ ಒಪ್ಪುವ ಬಹುಶಂಕು ಕ್ರಮವನ್ನು ಬಳಸಿದರು. ೨೦೦೫ರ ರಾಷ್ಟ್ರೀಯ ಭೂಪಟನೀತಿಯಾದ ಮೇಲೆ ಸಾರ್ವಜನಿಕರಿಗೆ ಕೊಡುವ ಹಾಳೆಗಳಿಗೆ ಆರಿಸಿಕೊಂಡ ಕ್ರಮವು ಯಾವುದೆಂದರೆ, ಲ್ಯಾಂಬರ್ಟನು ೧೭೭೨ರಲ್ಲಿ ಮರ್ಕೇಟರನ ಕ್ರಮವನ್ನೇ ಅಡ್ಡಲಾಗಿ ತಿರುಗಿಸಿ ಕಂಡ ಕ್ರಮದಿಂದ ಬಂದುದು. ಅದರಲ್ಲಿ ಭೂಮಿಯನ್ನು ಆರಾರು ಅಂಶಗಳ ಅಗಲದ ಪಟ್ಟೆಗಳಾಗಿ ವಿಭಾಗಿಸಿ ಒಂದೊಂದನ್ನೂ ಬೇರೆಯಾಗಿ ಬರೆಯುವರು. ಪಟ್ಟೆಯು ಕಿರಿದಾದುದರಿಂದ ದೂರದ ಅಳತೆಯಲ್ಲಿ ಸಾವಿರಕ್ಕೆ ಒಂದರಷ್ಟು ದೋಷವೂ ಬಾರದು. ಜಗತ್ತಿನ ಗೋಡೆಯ ಪಟದಲ್ಲಿ ಅಪಕಾರಿಯೆನಿಸಿದ ಕ್ರಮವೇ ಹೊಲಗದ್ದೆಗಳ ಪಟದಲ್ಲಿ ಪರಮೋಪಕಾರಿ.

ನ್ಯಾಯಶಾಸ್ತ್ರದಲ್ಲಿ ಪ್ರತಿಯೊಂದು ಇಂದ್ರಿಯಕ್ಕೂ ತನ್ನದೇ ಆದ ವಿಷಯವುಂಟು. ರೂಪಕ್ಕೆ ಕಣ್ಣು ಪ್ರಮಾಣ, ಶಬ್ದಕ್ಕೆ ಕಿವಿ ಪ್ರಮಾಣ. ಕಿವಿಯು ರೂಪವನ್ನು ತಿಳಿಸಲಿಲ್ಲವೆಂದು ಯಾರೂ ಕಿವಿಯನ್ನು ಸುಳ್ಳುಗಾರನೆನ್ನುವುದಿಲ್ಲ. ಕಿವಿಯಿಂದ ರೂಪವನ್ನು ನಿರ್ಣಯಿಸಹೊರಟವನನ್ನೇ ಅವಿವೇಕಿಯೆನ್ನುವರು. ಪಟಗಳಲ್ಲಿಯೂ ಹೀಗೆಯೇ ತಿಳಿಯತಕ್ಕದ್ದು. ಮರ್ಕೇಟರನ ಪಟವು ದಿಕ್ಕಿನ ವಿಷಯದಲ್ಲಿ ಪ್ರಮಾಣ, ವಿಸ್ತೀರ್ಣದಲ್ಲಿ ಅಪ್ರಮಾಣ. ಸಮಕ್ಷೇತ್ರಪಟವು ವಿಸ್ತೀರ್ಣದಲ್ಲಿ ಪ್ರಮಾಣ, ಆಕಾರದಲ್ಲಿ ಅಪ್ರಮಾಣ. ದೋಷವು ಪಟದಲ್ಲಿ ಇಲ್ಲ. ನಾವಿಕನಿಗಾಗಿ ಬರೆದುದನ್ನು ವಿದ್ಯಾರ್ಥಿಯ ಮುಂದೆ ಏನೊಂದು ಮಾತೂ ಹೇಳದೆ ತೂಗಿಹಾಕಿದ ಕೈಯಲ್ಲಿ ಇದೆ.

ಆದಕಾರಣ ಮಕ್ಕಳಿರುವ ಪ್ರತಿಯೊಂದು ಮನೆಯಲ್ಲಿಯೂ ಚಿಕ್ಕದಾದರೂ ಸರಿಯೆ, ಒಂದು ಗೋಳವಿರುವುದು ಒಳ್ಳೆಯದು. ಗೋಡೆಯ ಪಟವನ್ನು ತೆಗೆದುಹಾಕಬೇಕಾಗಿಲ್ಲ. ಒಂದು ತೆಳ್ಳನೆಯ ಕಾಗದವನ್ನು ಗೋಳದ ಮೇಲಿಟ್ಟು ಗ್ರೀನ್‌ಲೆಂಡಿನ ಗೆರೆಯನ್ನು ತೆಗೆದುಕೊಂಡು, ಅದನ್ನು ಭಾರತದ ಮೇಲೆ ಸರಿಸಿ ನೋಡುವಂತೆ ಮಗುವಿಗೆ ಹೇಳಿದರೆ ಸಾಕು. ಗೋಡೆಯ ಪಟವು ಅಲ್ಲಿಂದ ಮುಂದೆ ಅದನ್ನು ಮೋಸಗೊಳಿಸಲಾರದು. ಯಾವ ಪಟವನ್ನು ಕಂಡರೂ, ಇದನ್ನು ಯಾರಿಗಾಗಿ ಬರೆದರು, ಯಾವುದನ್ನು ಉಳಿಸುವುದಕ್ಕಾಗಿ ಯಾವುದನ್ನು ಬಿಟ್ಟರು ಎಂಬ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸವು ಬಾಲ್ಯದಲ್ಲಿಯೇ ಬಂದರೆ, ಆ ಮಗು ಮುಂದೆ ಪಟಗಳನ್ನಲ್ಲದೆ ಲೋಕದ ಇತರ ಚಿತ್ರಗಳನ್ನೂ ಸರಿಯಾಗಿ ಓದುವುದು. ಈ ಅಭ್ಯಾಸವನ್ನು ಮಾಡಿಸುವ ಭಾರವು ಉಪಾಧ್ಯಾಯರದಷ್ಟೇ ಅಲ್ಲ, ತಾಯಿತಂದೆಗಳದೂ ಆಗಿದೆಯೆಂದು ವಾಚಕಮಹಾಶಯರಲ್ಲಿ ವಿಜ್ಞಾಪಿಸುತ್ತೇನೆ.